ಫಿಟ್‌ಬಿಟ್ ನಂತರ ಕೈಗೆ ಏನು ಕಟ್ಟಿಕೊಳ್ಳಲಿ?

ಆಷಾಢ ಶುಕ್ರವಾರದ ಜನಸಂದಣಿ ಕಳೆದ ಮರುದಿನ, ಬೆಳಗಿನ ಐದೂವರೆಗೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಲು ಆರಂಭಿಸಿದ್ದೆ. ಹರಕೆ ಹೊತ್ತವರು ಹಿಂದಿನ ದಿನ ಮೆಟ್ಟಿಲುಗಳಿಗೆ ಹಚ್ಚಿದ್ದ ಅರಿಸಿನ ಕುಂಕುಮ ರಾತ್ರಿಯ ತುಂತುರು ಮಳೆಗೆ ಕದಡಿ, ಕಲ್ಲಿನ ಅಂಚಿನಲ್ಲಿ ಕೆಂಪು ಗೆರೆಯಾಗಿ ನಿಂತಿತ್ತು. ನಂದಿಯ ಬಳಿ ತಲುಪಿ ಕೈ ತಿರುಗಿಸಿ ನೋಡಿದರೆ, ಹೆಜ್ಜೆ ಮತ್ತು ನಾಡಿಮಿಡಿತ ಎಣಿಸುವ ನನ್ನ ಕೈಪಟ್ಟಿ ಫಿಟ್‌ಬಿಟ್ ಚಾರ್ಜ್ 4ರ ಪರದೆ ಕಪ್ಪಾಗಿತ್ತು. ರಾತ್ರಿ ಪೂರ್ತಿ ಚಾರ್ಜ್ ಮಾಡಿಯೇ ಕಟ್ಟಿಕೊಂಡಿದ್ದೆ. ಐದು ವರ್ಷ ಹಗಲಿರುಳು ದುಡಿದ ಬ್ಯಾಟರಿ ದಣಿಯುವುದು ಸಹಜ, ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಅಲ್ಲಿಂದ ಮೇಲಿನ ಮೆಟ್ಟಿಲುಗಳನ್ನು ಹತ್ತುವಷ್ಟು ಹೊತ್ತೂ ಇನ್ನು ಮುಂದೆ ಈ ಕೈಗೆ ಏನು ಕಟ್ಟಿಕೊಳ್ಳುವುದೆಂಬ ಯೋಚನೆಯೇ ಕಾಡಿತು.

ಹಿಂದೆಯಾಗಿದ್ದರೆ ಯೋಚನೆಗೆ ಅವಕಾಶವೇ ಇರುತ್ತಿರಲಿಲ್ಲ. 2017ರಲ್ಲಿ ಕೊಂಡ ಚಾರ್ಜ್ 2 ಸವೆದಾಗ 2020ರ ಕೊನೆಯಲ್ಲಿ ಚಾರ್ಜ್ 4 ತಂದಿದ್ದೆ. ಬೇರೆ ಕಂಪನಿಗಳ ಕಡೆ ಕಣ್ಣು ಕೂಡ ಹಾಯಿಸಿರಲಿಲ್ಲ. ಮೊದಲನೆಯದನ್ನು ಕೊಂಡದ್ದು ವೈದ್ಯರ ಮಾತಿನಿಂದ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ ನನ್ನ ಅಂಕಿ 6.1 ಬಂದಿತ್ತು. "ಗಡಿಯ ಮೇಲೆ ನಿಂತಿದ್ದೀರಿ ಮೇಡಂ, ಮಾತ್ರೆ ಬೇಡ, ನಡೆಯಿರಿ" ಎಂದಿದ್ದರು. ಕಾಲೇಜಿನಲ್ಲಿ ದಿನಕ್ಕೆ ನಾಲ್ಕು ಗಂಟೆ ನಿಂತು ಪಾಠ ಹೇಳುವ ನಾನು ಸಾಕಷ್ಟು ನಡೆಯುತ್ತೇನೆಂದೇ ನಂಬಿದ್ದೆ. ಬ್ಯಾಂಡ್ ಕಟ್ಟಿಕೊಂಡ ಮೊದಲ ದಿನ ರಾತ್ರಿ ನೋಡಿದರೆ 3,200 ಹೆಜ್ಜೆ. ನಿಲ್ಲುವುದು ಬೇರೆ, ನಡೆಯುವುದು ಬೇರೆ ಎಂಬುದನ್ನು ಆ ಅಂಕಿ ಎದುರಿಗಿಟ್ಟು ತೋರಿಸಿತು. ಧಾರವಾಡದಲ್ಲಿರುವ ನನ್ನ ತಂಗಿಯೂ ಅದೇ ತಿಂಗಳು ಒಂದನ್ನು ಕೊಂಡಳು. ಸೋಮವಾರದಿಂದ ಶುಕ್ರವಾರದವರೆಗೆ ಯಾರು ಹೆಚ್ಚು ನಡೆಯುತ್ತಾರೆಂದು ಲೆಕ್ಕ ಹಾಕುವ ವರ್ಕ್‌ವೀಕ್ ಹಸಲ್ ಎಂಬ ಸ್ಪರ್ಧೆ ಆ ಆ್ಯಪಿನಲ್ಲಿತ್ತು. ವರ್ಷಗಟ್ಟಲೆ ನಾವಿಬ್ಬರೂ ಅದನ್ನು ತಪ್ಪಿಸಲಿಲ್ಲ. ಶುಕ್ರವಾರ ರಾತ್ರಿ ಹತ್ತೂವರೆಗೆ, ಊಟ ಮುಗಿಸಿ ಪಾತ್ರೆ ತೊಳೆದಿಟ್ಟ ಮೇಲೆ, ಅವಳು ಮೂರು ನೂರು ಹೆಜ್ಜೆ ಮುಂದಿದ್ದಾಳೆಂದು ತಿಳಿದು ನಾನು ಹಜಾರದಲ್ಲಿ ಅತ್ತಿಂದಿತ್ತ ನಡೆದದ್ದುಂಟು. "ಅಕ್ಕಾ, ಇವತ್ತು ನಾ ಗೆದ್ದೆ ನೋಡು" ಎಂಬ ಅವಳ ಸಂದೇಶ ಬಂದರೆ ಸೋತ ಬೇಸರಕ್ಕಿಂತ ಅವಳು ಚೆನ್ನಾಗಿದ್ದಾಳೆಂಬ ಸಮಾಧಾನವೇ ಹೆಚ್ಚಾಗಿರುತ್ತಿತ್ತು. ದೂರದ ಊರಿನಲ್ಲಿರುವ ತಂಗಿ ಈ ದಿನ ಎದ್ದು ಓಡಾಡಿದಳೋ ಇಲ್ಲವೋ ಎಂಬುದನ್ನು ಫೋನ್ ಮಾಡದೆಯೇ ತಿಳಿಸುವ ಸಾಧನವಾಗಿತ್ತು ಅದು.

ಜೇಮ್ಸ್ ಪಾರ್ಕ್ ಮತ್ತು ಎರಿಕ್ ಫ್ರೀಡ್ಮನ್ 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ ಕಂಪನಿ ಅದು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ಅವರ ಮೊದಲ ಸಾಧನ 2009ರಲ್ಲಿ ಬಂತು, 2015ರಲ್ಲಿ ಕಂಪನಿ ಷೇರುಪೇಟೆಗೆ ಹೋಯಿತು. ಕೈಗೆ ಕಟ್ಟುವ ಇಂಥ ಪಟ್ಟಿಗೆಲ್ಲ ಫಿಟ್‌ಬಿಟ್ ಎಂದೇ ಹೆಸರಾಗಿದ್ದ ಕಾಲವದು, ವನಸ್ಪತಿಗೆಲ್ಲ ಡಾಲ್ಡಾ ಎನ್ನುತ್ತಿದ್ದ ಹಾಗೆ. ಆಮೇಲೆ ಒಂದು ಕಡೆಯಿಂದ ಆ್ಯಪಲ್ ವಾಚ್, ಇನ್ನೊಂದು ಕಡೆಯಿಂದ ಶಿಯೋಮಿಯಂಥ ಕಂಪನಿಗಳ ಅಗ್ಗದ ಬ್ಯಾಂಡ್‌ಗಳು ಒತ್ತಿಕೊಂಡು ಬಂದವು. ನಮ್ಮಲ್ಲಿ 2015ರಲ್ಲಿ ಮಿ ಬ್ಯಾಂಡ್ ₹999ಕ್ಕೆ ಸಿಗಲಾರಂಭಿಸಿದಾಗ ಹತ್ತು ಪಟ್ಟು ಹೆಚ್ಚು ಕೊಟ್ಟು ಫಿಟ್‌ಬಿಟ್ ಏಕೆ ಕೊಳ್ಳಬೇಕೆಂದು ಕೇಳುವವರು ಹೆಚ್ಚಾದರು. 210 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನು ಕೊಳ್ಳುವುದಾಗಿ 2019ರ ನವೆಂಬರ್‌ನಲ್ಲಿ ಗೂಗಲ್ ಪ್ರಕಟಿಸಿತು. 2021ರ ಜನವರಿ 14ರಂದು ಆ ವ್ಯವಹಾರ ಪೂರ್ಣಗೊಂಡಿತು.

ಮುಂದಿನದೆಲ್ಲ ಒಂದೊಂದೇ ದೀಪ ಆರಿಸಿದ ಹಾಗೆ ನಡೆಯಿತು. 2023ರ ಮಾರ್ಚ್ 27ರಂದು ಸ್ಪರ್ಧೆಗಳನ್ನೂ ತೆರೆದ ಗುಂಪುಗಳನ್ನೂ ತೆಗೆದುಹಾಕಿದರು. ನನ್ನ ಮತ್ತು ತಂಗಿಯ ಶುಕ್ರವಾರ ಅಲ್ಲಿಗೆ ಮುಗಿಯಿತು. ಅದೇ ವರ್ಷ ಹೊಸಬರಿಗೆ ಗೂಗಲ್ ಖಾತೆ ಕಡ್ಡಾಯವಾಯಿತು, ಹಳಬರಿಗೂ ಅದಕ್ಕೆ ವರ್ಗಾಯಿಸಿಕೊಳ್ಳುವಂತೆ ಸೂಚನೆಗಳು ಬಂದವು. 2024ರ ಜನವರಿಯಲ್ಲಿ ಪಾರ್ಕ್ ಮತ್ತು ಫ್ರೀಡ್ಮನ್ ಇಬ್ಬರೂ ಗೂಗಲ್ ಬಿಟ್ಟರು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನಮ್ಮ ದಾಖಲೆಗಳನ್ನು ಹರಡಿಕೊಂಡು ನೋಡಲು ಇದ್ದ ಜಾಲಪುಟವನ್ನು ಅದೇ ವರ್ಷದ ಜುಲೈ 8ರಂದು ಮುಚ್ಚಿ, ಇನ್ನು ಮೊಬೈಲಿನಲ್ಲೇ ನೋಡಿಕೊಳ್ಳಿ ಎಂದರು. ಫಿಟ್‌ಬಿಟ್‌ನ ವರ್ಸಾ, ಸೆನ್ಸ್ ವಾಚ್‌ಗಳ ಸಾಲು ಮುಂದುವರಿಯುವುದಿಲ್ಲವೆಂಬ ಸುದ್ದಿಯೂ ಬಂತು. ಗೂಗಲ್‌ನವರ ಒಲವು ತಮ್ಮದೇ ಪಿಕ್ಸೆಲ್ ವಾಚಿನ ಕಡೆಗಿದೆ, ಅದು ವ್ಯಾಪಾರದ ದೃಷ್ಟಿಯಿಂದ ಅರ್ಥವಾಗುವ ಮಾತೇ. ಚಾರ್ಜ್ 6 ಇಂದಿಗೂ ಒಳ್ಳೆಯ ಬ್ಯಾಂಡ್ ಎಂದು ಬಲ್ಲೆ. ಆದರೆ ಮನೆಯ ಯಜಮಾನ ಬದಲಾಗಿ ಒಂದೊಂದೇ ಕೋಣೆಗೆ ಬೀಗ ಬೀಳುತ್ತಿರುವಾಗ, ಆ ಮನೆಯಲ್ಲೇ ಇನ್ನೈದು ವರ್ಷಕ್ಕೆ ಕರಾರು ಬರೆದುಕೊಡಲು ಮನಸ್ಸು ಒಪ್ಪಲಿಲ್ಲ.

ಇದು ಒಂದೇ ಕಂಪನಿಯ ಕಥೆಯಾಗಿದ್ದರೆ ದುರದೃಷ್ಟವೆಂದು ಬಿಡಬಹುದಿತ್ತು. ನೈಕಿ 2012ರಲ್ಲಿ ತಂದ ಫ್ಯೂಯೆಲ್‌ಬ್ಯಾಂಡ್ ಎರಡೇ ವರ್ಷದಲ್ಲಿ ನಿಂತಿತು. ಫಿಟ್‌ಬಿಟ್‌ನ ದೊಡ್ಡ ಪ್ರತಿಸ್ಪರ್ಧಿಯಾಗಿದ್ದ ಜಾಬೋನ್ 2017ರಲ್ಲಿ ಬಾಗಿಲು ಮುಚ್ಚಿತು. ಜನರಿಂದಲೇ ಒಂದು ಕೋಟಿ ಡಾಲರಿಗೂ ಹೆಚ್ಚು ಮುಂಗಡ ಎತ್ತಿ ಹುಟ್ಟಿದ್ದ ವಾಚ್ ಕಂಪನಿ ಪೆಬಲ್ 2016ರಲ್ಲಿ ಮುಳುಗಿ, ಅದರ ತಂತ್ರಾಂಶವನ್ನು ಕೊಂಡದ್ದು ಇದೇ ಫಿಟ್‌ಬಿಟ್. ಮೈಕ್ರೋಸಾಫ್ಟ್ ತನ್ನ ಬ್ಯಾಂಡಿನ ಮಾರಾಟವನ್ನು 2016ರಲ್ಲೇ ನಿಲ್ಲಿಸಿತ್ತು. ಅದರ ಆರೋಗ್ಯ ದಾಖಲೆಗಳ ಸೇವೆಯನ್ನು 2019ರ ಮೇ 31ರಂದು ಮುಚ್ಚಿದಾಗ ಅಷ್ಟು ದಿನ ಕೂಡಿಟ್ಟ ಲೆಕ್ಕವೂ ಅದರೊಂದಿಗೆ ಅಳಿಯಿತು. ನನ್ನನ್ನು ಎಚ್ಚರಿಸಿದ್ದು ಈ ಕೊನೆಯ ಪ್ರಸಂಗ. ಕೈಯ ಪಟ್ಟಿ ಹಾಳಾದರೆ ಇನ್ನೊಂದು ಸಿಗುತ್ತದೆ. ಎಂಟು ವರ್ಷ ನನ್ನ ಹೃದಯ ಹೇಗೆ ಮಿಡಿಯಿತೆಂಬ ಲೆಕ್ಕ ಯಾವುದೋ ದೇಶದ ಯಾವುದೋ ಯಂತ್ರದಲ್ಲಿದ್ದು, ಅದರ ಕೀಲಿ ನನ್ನ ಬಳಿ ಇಲ್ಲದಿದ್ದರೆ ಆ ಲೆಕ್ಕ ಮತ್ತೆ ಸಿಗುವುದಿಲ್ಲ.

ಆದ್ದರಿಂದ ಹೊಸದನ್ನು ಹುಡುಕುವ ಮೊದಲು ಹಳೆಯ ದಾಖಲೆಯನ್ನು ಮನೆಗೆ ತರುವ ಕೆಲಸಕ್ಕೆ ಕೈಹಾಕಿದೆ. ಫಿಟ್‌ಬಿಟ್ ಖಾತೆ ಗೂಗಲ್ ಖಾತೆಗೆ ಸೇರಿದ್ದರೆ ಗೂಗಲ್ ಟೇಕ್‌ಔಟ್ ಎಂಬ ಸೇವೆಯ ಮೂಲಕ ನಮ್ಮ ದಾಖಲೆಗಳನ್ನೆಲ್ಲ ಕಟ್ಟು ಕಟ್ಟಿ ಇಳಿಸಿಕೊಳ್ಳಬಹುದು. ಒಂದು ಭಾನುವಾರ ಮಗ ಕುಳಿತು ಇಳಿಸಿಕೊಟ್ಟ. ತೆರೆದರೆ ನೂರಾರು ಕಡತಗಳು. ಹೆಜ್ಜೆ ಬೇರೆ, ನಿದ್ದೆ ಬೇರೆ, ನಾಡಿಮಿಡಿತ ಬೇರೆ. ಓದಲು ಯಾವ ರೀತಿಯಲ್ಲೂ ಅನುಕೂಲವಾಗಿರಲಿಲ್ಲ. ಅವನು ಅವುಗಳಿಂದ ದಿನಕ್ಕೊಂದು ಅಂಕಿಯಂತೆ ವಿಶ್ರಾಂತಿಯ ನಾಡಿಮಿಡಿತವನ್ನಷ್ಟೇ ಹೆಕ್ಕಿ ಎಕ್ಸೆಲ್ ಹಾಳೆಯಲ್ಲಿ ಜೋಡಿಸಿ, ಎಂಟು ವರ್ಷವನ್ನು ಒಂದೇ ಗೆರೆಯಾಗಿ ಎಳೆದು ತೋರಿಸಿದ. 2017ರಲ್ಲಿ 78ರ ಆಸುಪಾಸಿನಲ್ಲಿದ್ದ ಗೆರೆ ನಿಧಾನವಾಗಿ ಇಳಿಯುತ್ತಾ 66ಕ್ಕೆ ಬಂದಿತ್ತು. ನಡುವೆ, 2021ರ ಮೇ ತಿಂಗಳಲ್ಲಿ, ಗೆರೆ ಗಕ್ಕನೆ ಮೇಲೆದ್ದು ಮೂರು ವಾರ ಅಲ್ಲೇ ನಿಂತಿತ್ತು. ಅದು ನನಗೆ ಕೋವಿಡ್ ಬಂದ ತಿಂಗಳು. ಜ್ವರ ಕಾಣಿಸಿಕೊಂಡ ತಾರೀಖು ನನಗೆ ನೆನಪಿದೆ. ಗೆರೆ ಅದಕ್ಕೆ ಎರಡು ದಿನ ಮೊದಲೇ ಏರಲು ಶುರುವಾಗಿತ್ತು. ಫಿಟ್‌ಬಿಟ್ ಧರಿಸಿದವರ ನಾಡಿಮಿಡಿತ ಮತ್ತು ನಿದ್ದೆಯ ದಾಖಲೆಗಳಿಂದ ಒಂದು ಪ್ರದೇಶದಲ್ಲಿ ಫ್ಲೂ ಹರಡುತ್ತಿರುವುದನ್ನು ಅಂದಾಜು ಮಾಡಬಹುದೆಂದು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸಂಶೋಧಕರು 2020ರ ಜನವರಿಯಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ ಬರೆದಿದ್ದರು. ಅಂಥದೊಂದು ಏರಿಕೆಯನ್ನು ನನ್ನದೇ ಗೆರೆಯಲ್ಲಿ ಕಂಡಾಗ, ನಾನು ಇಷ್ಟು ವರ್ಷ ಕಟ್ಟಿಕೊಂಡದ್ದರ ನಿಜವಾದ ಬೆಲೆ ಹೆಜ್ಜೆಯ ಲೆಕ್ಕದಲ್ಲಿರಲಿಲ್ಲ, ಈ ಗೆರೆಯಲ್ಲಿತ್ತು ಎಂಬುದು ಮನದಟ್ಟಾಯಿತು.

ಅಲ್ಲಿಂದ ಹುಡುಕಾಟಕ್ಕೊಂದು ದಾರಿ ಸಿಕ್ಕಿತು. ಹೊಸ ಸಾಧನ ದಿನವೂ ಕೈಯಲ್ಲಿರಬೇಕು, ರಾತ್ರಿಯೂ ತೆಗೆಯುವಂತಿರಬಾರದು, ಏಕೆಂದರೆ ವಿಶ್ರಾಂತಿಯ ಮಿಡಿತ ಸರಿಯಾಗಿ ಸಿಗುವುದು ನಿದ್ದೆಯಲ್ಲಿ. ಬೆಟ್ಟ ಹತ್ತಿದ್ದನ್ನು ಅದು ಬೆಟ್ಟ ಹತ್ತಿದ್ದೆಂದೇ ಗುರುತಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಬರೆದ ಲೆಕ್ಕ ಕಂಪನಿಯ ಅಪ್ಪಣೆಗಾಗಿ ಕಾಯದೆ ನನ್ನ ಕಂಪ್ಯೂಟರಿಗೆ ಬರುವಂತಿರಬೇಕು. ಫೋನ್ ಕರೆ ಸ್ವೀಕರಿಸುವುದು, ಹಾಡು ಕೇಳಿಸುವುದು, ನೂರು ಬಗೆಯ ಆಟಗಳ ಪಟ್ಟಿ, ಇವು ಯಾವುವೂ ನನಗೆ ಬೇಕಿರಲಿಲ್ಲ.

ಆದರೂ ಮೊದಲು ಎಡವಿದೆ. ಅಗ್ಗದ ಬೆಲೆಗೆ ಮನಸೋತು ಆನ್‌ಲೈನಿನಲ್ಲಿ ಒಂದು ಸ್ಮಾರ್ಟ್‌ವಾಚ್ ತರಿಸಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ನಾಡಿ, ಆಮ್ಲಜನಕ, ರಕ್ತದೊತ್ತಡ ಎಲ್ಲವನ್ನೂ ಅಳೆಯುತ್ತದೆಂದು ಡಬ್ಬಿಯ ಮೇಲೆ ಬರೆದಿತ್ತು. ಬೆಳಿಗ್ಗೆ ಎದ್ದು ಅಳೆದರೆ 118/76. ಮೂರು ಮಹಡಿ ಓಡಿ ಹತ್ತಿ ಏದುಸಿರು ಬಿಡುತ್ತಾ ಅಳೆದರೂ ಅದೇ ಅಂಕಿಯ ಅಕ್ಕಪಕ್ಕ. ಮನೆಯಲ್ಲಿರುವ, ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಯಂತ್ರ ಅದೇ ಹೊತ್ತಿನಲ್ಲಿ 146 ತೋರಿಸುತ್ತಿತ್ತು. ಅನುಮಾನ ಬಂದು ವಾಚನ್ನು ಸುರುಳಿ ಸುತ್ತಿದ ಟವೆಲ್ಲಿಗೆ ಕಟ್ಟಿ ಮೇಜಿನ ಮೇಲಿಟ್ಟೆ. ಅರ್ಧ ನಿಮಿಷ ಹಸಿರು ದೀಪ ಮಿನುಗಿ, ಟವೆಲ್ಲಿನ ನಾಡಿಮಿಡಿತ 74 ಎಂದು ಬಂತು. ಬೆಳಕಿನ ಪ್ರತಿಫಲನವನ್ನು ನೋಡಿ ಲೆಕ್ಕ ಹಾಕುವ ಸಾಧನಗಳು ಚರ್ಮವಲ್ಲದ ಮೇಲ್ಮೈಯಲ್ಲೂ ಕೆಲವೊಮ್ಮೆ ಅಂಕಿ ಕೊಡುವುದುಂಟು; ಅದನ್ನೇ ಮೋಸವೆಂದು ಹೇಳಲಾಗದು. ರಕ್ತದೊತ್ತಡದ ಅಂಕಿ ಮಾತ್ರ ನನ್ನನ್ನು ನಿಜವಾಗಿ ಹೆದರಿಸಿತು, ಏಕೆಂದರೆ ನಮ್ಮ ಬೀದಿಯಲ್ಲೇ ಅದನ್ನು ನಂಬಿ ಮಾತ್ರೆಯ ಬಗ್ಗೆ ತೀರ್ಮಾನ ಮಾಡುವಂಥ ಹಿರಿಯರಿದ್ದಾರೆ. ಸ್ಯಾಮ್‌ಸಂಗ್ ವಾಚ್‌ಗಳಲ್ಲಿ ರಕ್ತದೊತ್ತಡ ನೋಡುವ ಸೌಲಭ್ಯ ಕೂಡ ನಾಲ್ಕು ವಾರಕ್ಕೊಮ್ಮೆ ತೋಳಿನ ಯಂತ್ರದೊಂದಿಗೆ ತಾಳೆ ನೋಡಿ ಹೊಂದಿಸಿದರೆ ಮಾತ್ರ ಕೆಲಸ ಮಾಡುತ್ತದೆ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಸಾರ್ವಜನಿಕ ಎಚ್ಚರಿಕೆಯನ್ನೇ ಕೊಟ್ಟಿದೆ. ಸಕ್ಕರೆ ಕಾಯಿಲೆಯವರಿರುವ ಮನೆಯವರು ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಬೇಕು. ಆ ವಾಚನ್ನು ಹಿಂದಿರುಗಿಸಿದೆ.

ಆಮೇಲೆ ಯಾವುದನ್ನೂ ಡಬ್ಬಿಯ ಮೇಲಿನ ಮಾತು ನಂಬಿ ಕೊಳ್ಳಬಾರದೆಂದು ನಿರ್ಧರಿಸಿ, ಸಹೋದ್ಯೋಗಿಗಳಿಂದಲೂ ಮಗನ ಗೆಳೆಯರಿಂದಲೂ ಬೇರೆ ಬೇರೆ ಬ್ಯಾಂಡುಗಳನ್ನು ಒಂದೆರಡು ದಿನದ ಮಟ್ಟಿಗೆ ಎರವಲು ತಂದೆ. ಹೆಜ್ಜೆ ಪರೀಕ್ಷಿಸಲು ಹತ್ತು ಹುಣಿಸೆಬೀಜ ಸಾಕಾಯಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಾಯಲ್ಲೇ ಎಣಿಸುತ್ತಾ ನಡೆಯುವುದು, ನೂರಾದ ಕೂಡಲೇ ಒಂದು ಬೀಜವನ್ನು ಕೈಚೀಲದ ಈ ಜೇಬಿನಿಂದ ಆ ಜೇಬಿಗೆ ಹಾಕುವುದು. ಹತ್ತೂ ಬೀಜ ದಾಟಿದಾಗ ಸಾವಿರ ಹೆಜ್ಜೆ. ಚಿಕ್ಕಂದಿನಲ್ಲಿ ಚೌಕಾಬಾರ ಆಡುತ್ತಿದ್ದ ಬೀಜಗಳು ಹೀಗೆ ಉಪಯೋಗಕ್ಕೆ ಬಂದವು. ಕೈ ಬೀಸಿ ನಡೆದಾಗ ಹೆಸರುವಾಸಿ ಕಂಪನಿಗಳ ಬ್ಯಾಂಡುಗಳೆಲ್ಲ ಸಾವಿರಕ್ಕೆ ಇಪ್ಪತ್ತು ಮೂವತ್ತರ ವ್ಯತ್ಯಾಸದೊಳಗೇ ಇದ್ದವು. ವ್ಯತ್ಯಾಸ ಕಂಡದ್ದು ಕೈ ಬೀಸದಿದ್ದಾಗ. ಬ್ಯಾಂಡಿನೊಳಗೆ ಮೂರು ದಿಕ್ಕಿನ ಚಲನೆಯನ್ನು ಗುರುತಿಸುವ ಒಂದು ಪುಟ್ಟ ಸಂವೇದಕವಿರುತ್ತದೆ. ಅದು ಕಾಲನ್ನು ನೋಡುವುದಿಲ್ಲ, ಕೈಯ ಲಯವನ್ನು ನೋಡಿ ಕಾಲಿನ ಲೆಕ್ಕ ಹಾಕುತ್ತದೆ. ದೇವರಾಜ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆದರೆ ಹೆಜ್ಜೆಗಳು ಕಳೆದುಹೋಗುತ್ತವೆ, ಚಪಾತಿ ಲಟ್ಟಿಸುತ್ತಾ ನಿಂತರೆ ಹೆಜ್ಜೆಗಳು ಹುಟ್ಟಿಕೊಳ್ಳುತ್ತವೆ. ಒಂದು ಬ್ಯಾಂಡ್ ಸ್ಕೂಟರ್ ಸವಾರಿಯ ಗುಂಡಿಗಳನ್ನೂ ನಡಿಗೆಯೆಂದು ಎಣಿಸಿತ್ತು.

ದಿನಕ್ಕೆ ಹತ್ತು ಸಾವಿರ ಎಂಬ ಗುರಿಯ ಬಗ್ಗೆಯೂ ಇಲ್ಲೇ ಒಂದು ಮಾತು. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ತಂದು ಅದಕ್ಕೆ ಮಾನ್ಪೊಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಆ ಸಂಖ್ಯೆ ಹುಟ್ಟಿದ್ದು ಅಲ್ಲಿ. ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಗಮನಿಸಿದ 2019ರ ಅಮೆರಿಕದ ಅಧ್ಯಯನದಲ್ಲಿ, ಹೆಜ್ಜೆ ಹೆಚ್ಚಿದಂತೆ ಸಾವಿನ ಅಪಾಯ ಇಳಿಯುತ್ತಾ ಹೋಗಿ ಸುಮಾರು 7,500ರ ಬಳಿ ಸಮತಟ್ಟಾಗಿತ್ತು. ಸಾವಿರಕ್ಕೆ ಮೂವತ್ತು ಹೆಜ್ಜೆ ಹೆಚ್ಚು ಕಡಿಮೆ ತೋರಿಸುವ ಬ್ಯಾಂಡನ್ನು ನಾನು ಆ ಕಾರಣಕ್ಕೆ ಬೇಡವೆನ್ನಲಿಲ್ಲ. ಒಂದೇ ಬ್ಯಾಂಡ್ ಒಂದೇ ರೀತಿ ತಪ್ಪಿದರೆ ನಿನ್ನೆಗೂ ಇವತ್ತಿಗೂ ಹೋಲಿಸಲು ತೊಂದರೆಯಿಲ್ಲ.

ನನ್ನ ಆಯ್ಕೆಯನ್ನು ನಿಜವಾಗಿ ಕಿರಿದುಗೊಳಿಸಿದ್ದು ಬೆಟ್ಟ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಚಾಮುಂಡಿಬೆಟ್ಟದ ನೆತ್ತಿ ಸಾವಿರ ಮೀಟರಿಗೂ ಮಿಕ್ಕಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದ್ದನ್ನು ಸಪಾಟು ರಸ್ತೆಯ ಸಾವಿರ ಹೆಜ್ಜೆಯೆಂದೇ ಬರೆದುಕೊಳ್ಳುವ ಬ್ಯಾಂಡ್ ನನಗೆ ಅನ್ಯಾಯ ಮಾಡಿದಂತೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ನಮ್ಮ ಎತ್ತರದಲ್ಲಿ ಒಂಬತ್ತು ಮೀಟರಿಗೆ ಹೆಚ್ಚುಕಡಿಮೆ ಒಂದು ಮಿಲಿಬಾರಿನಷ್ಟು. ಆ ಸಣ್ಣ ಇಳಿತವನ್ನು ಗುರುತಿಸುವ ಒತ್ತಡಮಾಪಕ ಬ್ಯಾಂಡಿನೊಳಗಿದ್ದರೆ, ಹೆಜ್ಜೆಯ ಜೊತೆಗೆ ಸುಮಾರು ಮೂರು ಮೀಟರ್ ಏರಿದಾಗಲೆಲ್ಲ ಅದು ಒಂದು ಮಹಡಿ ಎಂದು ಎಣಿಸುತ್ತದೆ. ನನ್ನ ಚಾರ್ಜ್ 2, ಚಾರ್ಜ್ 4 ಎರಡರಲ್ಲೂ ಅದಿತ್ತು. ಚಾರ್ಜ್ 5ರಲ್ಲಿ ತೆಗೆದರು, 6ರಲ್ಲೂ ಇಲ್ಲ. ಇನ್ನೊಂದು ಕಂಪನಿ ಗಾರ್ಮಿನ್‌ನ ವಿವೋಸ್ಮಾರ್ಟ್ 4 ಬ್ಯಾಂಡಿನಲ್ಲಿದ್ದದ್ದು 5ರಲ್ಲಿ ಕಾಣೆಯಾಗಿದೆ. ಪರದೆ ದೊಡ್ಡದಾಗುತ್ತಾ, ಬಣ್ಣ ಹೆಚ್ಚುತ್ತಾ ಹೋಗುವಾಗ, ಖರ್ಚು ಉಳಿಸಲು ಮೊದಲು ಕೈಬಿಡುವುದು ಹೊರಗೆ ಕಾಣದ ಇಂಥ ಸಂವೇದಕವನ್ನು. ಹೊಸದು ಹಳೆಯದಕ್ಕಿಂತ ಎಲ್ಲದರಲ್ಲೂ ಮುಂದಿರುತ್ತದೆಂಬ ನನ್ನ ನಂಬಿಕೆ ಹೋದದ್ದು ಇಲ್ಲಿ.

ಎರವಲು ತಂದ ಎರಡು ಸಾಧನಗಳನ್ನು ಎಡಗೈಗೊಂದು ಬಲಗೈಗೊಂದು ಕಟ್ಟಿಕೊಂಡು ಒಂದು ಮಂಗಳವಾರ ಬೆಟ್ಟ ಹತ್ತಿದೆ. ಮುಂದೆ ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರು ಪ್ರತಿ ಮೆಟ್ಟಿಲಿಗೂ ಬಗ್ಗಿ, ಮೂರು ಬೆರಳಿನಲ್ಲಿ ಅರಿಸಿನ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು ಏರುತ್ತಿದ್ದರು. ಅವರಿಗಾದರೂ ಸರಿಯಾದ ಲೆಕ್ಕ ಗೊತ್ತಿರಬಹುದೆಂದು, "ಎಷ್ಟು ಮೆಟ್ಟಿಲಾಯಿತಮ್ಮ?" ಎಂದು ಕೇಳಿದೆ. "ಎಣಿಸೋಕೆ ಹೋಗ್ಬಾರ್ದು ಕಣವ್ವ, ಎಣಿಸಿದ್ರೆ ಕಾಲು ನೋಯ್ತದೆ" ಎಂದು ಹೇಳಿ ಮುಂದಿನ ಮೆಟ್ಟಿಲಿಗೆ ಬಗ್ಗಿದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ನೆತ್ತಿ ತಲುಪಿದಾಗ ಒತ್ತಡಮಾಪಕವಿದ್ದ ವಾಚು ಎಪ್ಪತ್ತಕ್ಕೂ ಹೆಚ್ಚು ಮಹಡಿ ತೋರಿಸಿತು. ಇನ್ನೊಂದರ ಪ್ರಕಾರ ನಾನು ಸಪಾಟು ನೆಲದಲ್ಲಿ ಒಂದಿಷ್ಟು ದೂರ ನಡೆದಿದ್ದೆ, ಯಾಕೋ ಎದೆ ಮಾತ್ರ ಜೋರಾಗಿ ಬಡಿದಿತ್ತು.

ನಾಡಿಮಿಡಿತದ ವಿಚಾರದಲ್ಲಿ ಬಳೆ ತೊಡುವವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಬ್ಯಾಂಡಿನ ತಳದ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಮಿಡಿತಕ್ಕೂ ನಾಳದಲ್ಲಿ ರಕ್ತ ತುಂಬಿ ಇಳಿಯುವಾಗ ಹಿಂದಿರುಗುವ ಬೆಳಕು ಹೆಚ್ಚು ಕಡಿಮೆಯಾಗುತ್ತದೆ, ಆ ಏರಿಳಿತವನ್ನೇ ಅದು ಎಣಿಸುತ್ತದೆ. ಬ್ಯಾಂಡ್ ಸಡಿಲವಾಗಿದ್ದರೆ ಅಥವಾ ಬಳೆಗಳು ತಾಗಿ ಅದನ್ನು ಅಲುಗಿಸುತ್ತಿದ್ದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡುತ್ತದೆ. ನಾನು ಎಡಗೈಯ ಬಳೆಗಳನ್ನು ಬಲಗೈಗೆ ಸೇರಿಸಿ, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬ್ಯಾಂಡ್ ಕಟ್ಟಲು ಶುರುಮಾಡಿದ ಮೇಲೆ, ಬೆಟ್ಟ ಹತ್ತುವಾಗ ಬರುತ್ತಿದ್ದ ಅರ್ಥವಿಲ್ಲದ 180, 190ರ ಅಂಕಿಗಳು ನಿಂತವು. ಎರಡು ಸಾವಿರ ಹೆಚ್ಚು ಕೊಟ್ಟು ಬೇರೆ ಬ್ಯಾಂಡ್ ಕೊಂಡಿದ್ದರೂ ಇಷ್ಟು ವ್ಯತ್ಯಾಸ ಕಾಣುತ್ತಿತ್ತೆಂದು ನನಗನಿಸುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಆ್ಯಪಲ್ ವಾಚ್ ಮಹಡಿಯನ್ನೂ ಎಣಿಸುತ್ತದೆ, ಮಿಡಿತದಲ್ಲೂ ಉತ್ತಮ. ಆದರೆ ಐಫೋನ್ ಬೇಕು, ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು. ಊರಾ ಉಂಗುರ, ವೂಪ್ ಪಟ್ಟಿಗಳಿಗೆ ಸಾಧನದ ಜೊತೆ ಚಂದಾ ಕಟ್ಟುತ್ತಲೇ ಇರಬೇಕು. ನನ್ನದೇ ನಾಡಿಯನ್ನು ಓದಲು ತಿಂಗಳ ಬಾಡಿಗೆ ಕೊಡುವುದು ನನ್ನಿಂದಾಗದು. ನಮ್ಮ ಬೆಂಗಳೂರಿನದೇ ಕಂಪನಿ ಅಲ್ಟ್ರಾಹ್ಯೂಮನ್ ಉಂಗುರದ ರೂಪದಲ್ಲಿ ತಂದಿರುವ ರಿಂಗ್ ಏರ್ ಚಂದಾ ಇಲ್ಲದೆ ನಡೆಯುತ್ತದೆಂಬುದು ಸಂತೋಷದ ವಿಷಯ, ರಾತ್ರಿಯ ನಿದ್ದೆಗೆ ಅದಕ್ಕಿಂತ ಹಗುರವಾದದ್ದು ಬೇಡ. ಹಿಟ್ಟು ಕಲೆಸುವಾಗ, ಪಾತ್ರೆ ಉಜ್ಜುವಾಗ ತೆಗೆದಿಡಬೇಕಾಗುತ್ತದೆ ಎಂಬುದಕ್ಕಾಗಿ ಮತ್ತು ಬೆಟ್ಟದ ಲೆಕ್ಕ ಸಿಗದೆಂಬುದಕ್ಕಾಗಿ ಬಿಟ್ಟೆ. ಅಮೇಜ್‌ಫಿಟ್ ಬ್ಯಾಂಡ್ 7 ಕಡಿಮೆ ಬೆಲೆಯದು, ಎರಡು ವಾರ ಚಾರ್ಜ್ ಕೇಳುವುದಿಲ್ಲ. ಗ್ಯಾಜೆಟ್‌ಬ್ರಿಡ್ಜ್ ಎಂಬ ಮುಕ್ತ ತಂತ್ರಾಂಶವೊಂದು ಇಂಥ ಅನೇಕ ಬ್ಯಾಂಡುಗಳ ದಾಖಲೆಯನ್ನು ಕಂಪನಿಯ ಸರ್ವರಿಗೆ ಕಳಿಸದೆ ಆಂಡ್ರಾಯ್ಡ್ ಫೋನಿನಲ್ಲೇ ಇರಿಸುತ್ತದೆ. ಆರಂಭದ ಜೋಡಣೆಗೆ ಸ್ವಲ್ಪ ತಾಳ್ಮೆ ಬೇಕು. ಮಹಡಿಯ ಲೆಕ್ಕ ಬೇಡವೆನ್ನುವವರಿಗೆ ನಾನು ಮೊದಲು ಹೇಳುವುದು ಈ ಜೋಡಿಯನ್ನೇ.

ನಾನು ಕೊನೆಗೆ ಕೊಂಡದ್ದು ಗಾರ್ಮಿನ್‌ನ ಫೋರ್‌ರನ್ನರ್ 255ಎಸ್. 2022ರ ಮಾದರಿ, ಹೊಸವು ಬಂದದ್ದರಿಂದ ಬೆಲೆ ಇಳಿದಿತ್ತು, ಆದರೂ ನನ್ನ ಮಟ್ಟಿಗೆ ದೊಡ್ಡ ಖರ್ಚೇ. ಓಟಗಾರರಿಗೆಂದು ಮಾಡಿದ ವಾಚು, ನಾನು ಓಡುವವಳಲ್ಲ. ಆದರೆ ಅದರಲ್ಲಿ ಒತ್ತಡಮಾಪಕವಿದೆ, 39 ಗ್ರಾಂ ತೂಕವಾದ್ದರಿಂದ ಮಲಗಿದಾಗ ಕೈಗೆ ಭಾರವೆನಿಸುವುದಿಲ್ಲ, ಬಿಸಿಲು ಹೆಚ್ಚಾದಷ್ಟೂ ಸ್ಪಷ್ಟವಾಗಿ ಕಾಣುವ ಮಂಕು ಪರದೆಯಿದೆ. ಮಳೆಯಲ್ಲಿ ಒದ್ದೆ ಬೆರಳಿನಿಂದ ಸವರುತ್ತಾ ನಿಲ್ಲಬೇಕಿಲ್ಲ, ಒತ್ತುವ ಗುಂಡಿಗಳಿವೆ. ಇವೆಲ್ಲಕ್ಕಿಂತ ನನ್ನನ್ನು ಒಪ್ಪಿಸಿದ್ದು 2020ರ ಒಂದು ಘಟನೆ. ಆ ವರ್ಷದ ಜುಲೈ 23ರಂದು ಸೈಬರ್ ದಾಳಿಗೆ ಸಿಕ್ಕಿ ಗಾರ್ಮಿನ್‌ನ ಸೇವೆಗಳು ಕೆಲವು ದಿನ ಸ್ತಬ್ಧವಾಗಿದ್ದವು. ಕಂಪನಿಗೆ ಅದು ಹೆಮ್ಮೆಯ ಘಳಿಗೆಯಲ್ಲ. ಆದರೆ ಆ ದಿನಗಳಲ್ಲೂ ಕೈಯ ವಾಚುಗಳು ಬರೆದುಕೊಳ್ಳುತ್ತಲೇ ಇದ್ದವು, ಬಳಕೆದಾರರು ವಾಚನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ತಮ್ಮ ಓಟದ ಕಡತಗಳನ್ನು ತಾವೇ ತೆಗೆದುಕೊಂಡರು. ನಾನು ಹುಡುಕುತ್ತಿದ್ದದ್ದು ಆ ಕೇಬಲ್ಲಿನ ದಾರಿಯನ್ನೇ.

ಈ ಕಂಪನಿಯೂ ಹೀಗೇ ಇರುತ್ತದೆಂಬ ಭರವಸೆಯೇನೂ ನನಗಿಲ್ಲ. 2025ರ ಮಾರ್ಚಿನಲ್ಲಿ ಗಾರ್ಮಿನ್ ಕೂಡ ಕನೆಕ್ಟ್ ಪ್ಲಸ್ ಎಂಬ ಹಣ ಕಟ್ಟುವ ಸೇವೆ ತಂದಿದೆ. ಈವರೆಗೆ ಸಿಗುತ್ತಿದ್ದದ್ದು ಉಚಿತವಾಗಿಯೇ ಮುಂದುವರಿಯುತ್ತದೆಂದು ಹೇಳಿದ್ದಾರೆ. ಹೇಳಿದ್ದು ನಡೆಯುವವರೆಗೆ ನಡೆಯಲಿ. ಪ್ರತಿ ತಿಂಗಳ ಮೊದಲ ಭಾನುವಾರ ವಾಚನ್ನು ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ತೆಗೆದಿಡುತ್ತೇನೆ. ಅವುಗಳ ಜೊತೆಗೆ ವಿಶ್ರಾಂತಿಯ ಮಿಡಿತವೊಂದನ್ನು ದಿನವೂ ಬೆಳಿಗ್ಗೆ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಎರಡು ಬೇರೆ ಕಂಪನಿಗಳ ಅಂಕಿಗಳನ್ನು ಹಾಗೆಯೇ ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲವೆಂಬುದು ಮೊದಲ ವಾರದಲ್ಲೇ ತಿಳಿಯಿತು. ಚಾರ್ಜ್ 4ರ ಪ್ರಕಾರ 66 ಇದ್ದದ್ದು ಇದರ ಪ್ರಕಾರ 62. ನನ್ನ ಹೃದಯ ಒಂದೇ ವಾರದಲ್ಲಿ ಬದಲಾಗಿಲ್ಲ, ವಿಶ್ರಾಂತಿಯೆಂದು ಯಾವ ಹೊತ್ತನ್ನು ಆರಿಸಿಕೊಳ್ಳಬೇಕೆಂಬ ಲೆಕ್ಕಾಚಾರ ಒಂದೊಂದು ಕಂಪನಿಗೆ ಒಂದೊಂದು. ಅದಕ್ಕಾಗಿ ಹಳೆಯ ಬ್ಯಾಂಡನ್ನು ಚಾರ್ಜಿಗೆ ಹಾಕಿ ಹಾಕಿ ಎಳೆದು, ಹದಿನೈದು ರಾತ್ರಿ ಎರಡನ್ನೂ ಕಟ್ಟಿಕೊಂಡು ಮಲಗಿದೆ. ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಸಮ ನಾಲ್ಕು ಇತ್ತು. ಹಾಳೆಯಲ್ಲಿ ಆ ತಾರೀಖಿಗೆ ಒಂದು ಅಡ್ಡಗೆರೆ ಎಳೆದು, "ಇಲ್ಲಿಂದ ಹೊಸ ವಾಚು, 4 ಕಡಿಮೆ" ಎಂದು ಬರೆದಿದ್ದೇನೆ. ಕಂಪನಿ ಬದಲಿಸುವವರು ಹಳೆಯದನ್ನು ಎಸೆಯುವ ಮೊದಲು ಈ ಹದಿನೈದು ರಾತ್ರಿಗಳನ್ನು ಮರೆಯಬಾರದೆಂದು ನನ್ನ ಬಲವಾದ ಸಲಹೆ.

ಕಳೆದುಕೊಂಡದ್ದೂ ಇದೆ. ಫಿಟ್‌ಬಿಟ್ ಆ್ಯಪ್ ನಿದ್ದೆಯನ್ನು ತೋರಿಸುತ್ತಿದ್ದ ರೀತಿ ಎಷ್ಟು ಸರಳವಾಗಿತ್ತೆಂದರೆ ಎಂಬತ್ತು ದಾಟಿದ ನನ್ನ ಅತ್ತೆಯವರೂ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಹೊಸದರಲ್ಲಿ ಗ್ರಾಫುಗಳ ಕಾಡಿನಲ್ಲಿ ಹುಡುಕಬೇಕು. ಮಧ್ಯಾಹ್ನದ ಸಣ್ಣ ನಿದ್ದೆಯನ್ನು ಅದು ಹಿಡಿಯುತ್ತಿದ್ದಷ್ಟು ಚೆನ್ನಾಗಿ ಇದು ಹಿಡಿಯುವುದಿಲ್ಲ.

ತಂಗಿ ಬೇರೆ ದಾರಿ ಹಿಡಿದಳು. ನನ್ನ ಹುಣಿಸೆಬೀಜದ ಕಥೆಯನ್ನೆಲ್ಲ ಕೇಳಿದ ಮೇಲೂ ಚಾರ್ಜ್ 6ನ್ನೇ ಕೊಂಡಳು. ಅವಳು ನಡೆಯುವುದು ಸಾಧನಕೇರಿಯ ಸುತ್ತ, ಮಹಡಿಯ ಲೆಕ್ಕ ಬೇಡ, ಎಂಟು ವರ್ಷ ಕಣ್ಣಿಗೆ ಒಗ್ಗಿದ ಆ್ಯಪ್ ಬೇಕು. ಅವಳ ಕಾರಣಗಳು ಅವಳ ಮಟ್ಟಿಗೆ ಸರಿಯಾಗಿವೆಯೆಂದೇ ನನ್ನ ಅಭಿಪ್ರಾಯ. ದಾಖಲೆಯನ್ನು ವರ್ಷಕ್ಕೊಮ್ಮೆ ಇಳಿಸಿಟ್ಟುಕೊಳ್ಳುವುದಾಗಿ ಮಾತು ಮಾತ್ರ ತೆಗೆದುಕೊಂಡಿದ್ದೇನೆ. ಇಬ್ಬರ ಸಾಧನಗಳೂ ಈಗ ಬೇರೆ ಬೇರೆ ಕಂಪನಿಯವಾದ್ದರಿಂದ ಶುಕ್ರವಾರ ರಾತ್ರಿ ಹತ್ತೂವರೆಗೆ ಇಬ್ಬರೂ ಮಣಿಕಟ್ಟಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿಕೊಳ್ಳುತ್ತೇವೆ. ಕಳೆದ ವಾರ ಅವಳದು 11,240 ಹೆಜ್ಜೆ, ನನ್ನದು 9,870. "ಬೆಟ್ಟ ಹತ್ತಿದ್ದನ್ನೂ ಸೇರಿಸಿ ನೋಡು" ಎಂದು ಬರೆದೆ. "ಅದಕ್ಕ ಬ್ಯಾರೆ ಪಂದ್ಯ ಇಡೋಣಂತ, ಮೈಸೂರಿಗೆ ಬಂದಾಗ" ಎಂದು ಉತ್ತರ ಬಂತು. ದಸರಾ ರಜೆಗೆ ಬರುತ್ತಿದ್ದಾಳೆ.